ಮೆತ್ತಗೆ ಮಾತನಾಡುವ ಎಲ್ಡನ್ ಪೆಟ್ವೇ

ಅಮೆರಿಕದ ಡುಲೂತ್ ಊರಿನಲ್ಲಿ ಯಾವುದಾದರೂ ಕಟ್ಟಡದ ಲಿಫ್ಟು ನಿಂತುಹೋದರೆ ರಿಪೇರಿಗೆ ಬರುತ್ತಿದ್ದವರಲ್ಲಿ ಎಲ್ಡನ್ ಪೆಟ್ವೇ ಒಬ್ಬ. ಬಾಗಿಲಿಗೆ ತಲೆ ತಗ್ಗಿಸಿ ಬರುವಂಥ ಎತ್ತರದ ಆಳು, ಅಗಲವಾದ ಭುಜ, ಕಡುಕಪ್ಪು ಮೈಬಣ್ಣ. ಅಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣ ದನಿ ಬರುವುದನ್ನು ಮೊದಲ ಸಲ ಕೇಳಿದವರು ಮತ್ತೊಮ್ಮೆ ತಿರುಗಿ ನೋಡುತ್ತಿದ್ದರು. ಅದೇನೂ ಹುಟ್ಟಿನಿಂದ ಬಂದ ದನಿಯಲ್ಲ. ದಕ್ಷಿಣದ ಅಲಬಾಮಾದ ಸೆಲ್ಮಾದಲ್ಲಿ ಹುಡುಗನಾಗಿದ್ದಾಗ ಅವನು ಚರ್ಚಿನಲ್ಲಿ ಹಾಡಿದರೆ ಹೊರಗೆ ಕಾರು ನಿಲ್ಲಿಸುತ್ತಿದ್ದವರಿಗೂ ಕೇಳಿಸುತ್ತಿತ್ತಂತೆ. ಕೆಲಸ ಸಿಕ್ಕಿತೆಂದು ಉತ್ತರದ ಈ ಚಳಿಯೂರಿಗೆ ಬಂದ ಮೇಲೆ, ಬೇಸಿಗೆಯಲ್ಲಿ ಹೊಲಿಸಿದ ಅಂಗಿಯನ್ನು ಮಡಿಚಿಡುವ ಹಾಗೆ, ಆ ದನಿಯನ್ನು ಅವನೇ ಮಡಿಚಿಟ್ಟ.

ಇಲ್ಲಿ ಅವನಂಥವರು ಕಡಿಮೆ. ದಿನಸಿ ಅಂಗಡಿಯಲ್ಲಿ ಇನ್ನೊಂದು ಕಪ್ಪು ಮುಖ ಕಂಡರೆ ಇಬ್ಬರೂ ಪರಿಚಯವಿಲ್ಲದಿದ್ದರೂ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಕಟ್ಟಡಗಳಲ್ಲಿ ಲಿಫ್ಟು ಸರಿಮಾಡಿ ಮುಗಿಸಿ, ಕೆಳಗಿಳಿಯಲೆಂದು ಅವನು ಒಳಗೆ ಕಾಲಿಟ್ಟಾಗ ಅಲ್ಲಿ ಹೆಂಗಸೊಬ್ಬಳೇ ಇದ್ದರೆ, ಅವಳ ಕೈ ಮೆಲ್ಲಗೆ ಚೀಲದ ಕಡೆಗೆ ಹೋಗುತ್ತಿತ್ತು. ಒಂದೆರಡು ಸಲ ನೋಡಿದ. ಆಮೇಲೆ, "ನೀವು ಹೋಗಿ ಮೇಡಂ, ನಾನು ಮೆಟ್ಟಿಲಲ್ಲಿ ಬರ್ತೀನಿ" ಎನ್ನುವುದನ್ನು ರೂಢಿ ಮಾಡಿಕೊಂಡ. ತಾನೇ ರಿಪೇರಿ ಮಾಡಿದ ಲಿಫ್ಟನ್ನು ಬಿಟ್ಟು, ಭಾರದ ಸಲಕರಣೆ ಚೀಲ ಹೊತ್ತು ಒಂಬತ್ತು ಮಹಡಿ ಇಳಿದು ಬಂದದ್ದೂ ಉಂಟು.

ಅವನ ಅಪ್ಪ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ಮಗನಿಗೆ ಆಸ್ತಿ ಅಂತ ಬಿಟ್ಟುಹೋದದ್ದು ಒಂದೇ ಮಾತು: "ಬಿಳಿಯವನು ಒಬ್ಬ ತಡವಾಗಿ ಬಂದ್ರೆ ಅವನು ತಡ. ನೀನು ತಡವಾಗಿ ಬಂದ್ರೆ ನಾವೆಲ್ಲ ತಡ. ಅದಕ್ಕೇ ಕಾಲುಗಂಟೆ ಮುಂಚೆ ಹೋಗು." ಎಲ್ಡನ್ ಈ ಮಾತನ್ನು ಮೀರಿದವನಲ್ಲ. ಏಳೂವರೆಗೆ ಶುರುವಾಗುವ ಕೆಲಸಕ್ಕೆ ಏಳೂಕಾಲಿಗೆ ಕಂಪನಿಯ ಡಿಪೋದ ಬಾಗಿಲಲ್ಲಿ ನಿಂತಿರುತ್ತಿದ್ದ. ಬೀಗ ತೆಗೆಯುವವನೇ ಇನ್ನೂ ಬಂದಿರುತ್ತಿರಲಿಲ್ಲ.

ಈ ಕಾಲುಗಂಟೆ ಎಲ್ಲಿಂದ ಬರುತ್ತಿತ್ತು ಎಂಬುದು ಅವನ ಹೆಂಡತಿ ವರ್ಲೀನ್‌ಗೆ ಗೊತ್ತಿತ್ತು. ಅವಳು ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ. ಮಗಳು ಓಪಲ್‌ಗೆ ಎಂಟು ವರ್ಷ, ಉಬ್ಬಸದ ಮಗು. ಅವಳನ್ನು ಬೇರೆಯವರ ಕೈಗೆ ಬಿಡಬಾರದೆಂದು ಗಂಡಹೆಂಡಿರು ಹಗಲು ರಾತ್ರಿಯನ್ನು ಪಾಲು ಮಾಡಿಕೊಂಡಿದ್ದರು. ಬೆಳಗ್ಗೆ ಏಳಕ್ಕೆ ಎಲ್ಡನ್ ಅರೆನಿದ್ದೆಯ ಓಪಲ್‌ಳನ್ನು ಕಂಬಳಿಯಲ್ಲಿ ಸುತ್ತಿ ಟ್ರಕ್ಕಿನಲ್ಲಿ ಆಸ್ಪತ್ರೆಯ ಪಾರ್ಕಿಂಗಿಗೆ ತರುತ್ತಿದ್ದ. ವರ್ಲೀನ್ ಪಾಳಿ ಮುಗಿಸಿ ಬರುತ್ತಿದ್ದಳು. ಮಗು ಅವನ ಗಾಡಿಯಿಂದ ಅವಳ ಕಾರಿಗೆ ದಾಟುತ್ತಿತ್ತು. "ತಿಂಡಿ ಡಬ್ಬಿ ಹಿಂದಿನ ಸೀಟಲ್ಲಿದೆ." "ಔಷಧಿ ಹಾಕಿದ್ಯಾ?" "ಹಾಕಿದೆ." ಗಾಜಿನಾಚೆಯಿಂದ ಒಂದು ಮುತ್ತು, ಮುಗಿಯಿತು. ಅಷ್ಟಕ್ಕೇ ಅವನು ಗಡಿಯಾರ ನೋಡುತ್ತಿದ್ದ. ಒಂದೇ ಹಾಸಿಗೆಯಲ್ಲಿ ಅವಳ ಬದಿ ಹಗಲು ಬೆಚ್ಚಗಾಗುತ್ತಿತ್ತು, ಅವನ ಬದಿ ರಾತ್ರಿ.

"ನಿನ್ನನ್ನ ಮದುವೆಯಾಗಿದ್ದೀನೋ, ನಿನ್ನ ಟ್ರಕ್ಕಿನ ಹಿಂದಿನ ದೀಪಗಳನ್ನೋ" ಎಂದು ವರ್ಲೀನ್ ಒಮ್ಮೆ ನಗುತ್ತಲೇ ಅಂದಳು.

"ಮೇಸ್ತ್ರಿ ಕೆಲಸ ಸಿಗ್ಲಿ. ಹೊತ್ತು ನನ್ನ ಕೈಲಿರುತ್ತೆ" ಎಂದ ಎಲ್ಡನ್.

ಆ ವರ್ಷ ಡಿಪೋದ ಹಳೆಯ ಮೇಸ್ತ್ರಿ ನಿವೃತ್ತನಾಗುವವನಿದ್ದ. ಅನುಭವದಲ್ಲಿ ಎಲ್ಡನ್‌ನದೇ ಸರದಿ ಎಂದು ಎಲ್ಲರ ಬಾಯಲ್ಲೂ ಇತ್ತು. ಅವನ ಜೋಡಿಗಾರ ಕ್ರೇಗ್ ಲುಂಡ್‌ಕ್ವಿಸ್ಟ್ ಕೂಡ, "ಮೇಸ್ತ್ರಿಗಳೇ, ಕಾಫಿ ಏನು ಕುಡೀತೀರಿ?" ಎಂದು ಆಗಲೇ ತಮಾಷೆ ಶುರುಮಾಡಿದ್ದ. ಕ್ರೇಗ್ ಒಳ್ಳೆಯವನು. ಅವನ ಇಬ್ಬರು ಗಂಡುಮಕ್ಕಳೂ ಮಂಜುಗಡ್ಡೆಯ ಮೇಲಿನ ಹಾಕಿ ಆಟ ಆಡುತ್ತಿದ್ದರು. ಪಂದ್ಯವಿದ್ದ ದಿನ ಅವನು ಮಧ್ಯಾಹ್ನವೇ ಹೊರಟುಬಿಡುತ್ತಿದ್ದ. ಉಳಿದ ಕೆಲಸ ಎಲ್ಡನ್ ಮುಗಿಸುತ್ತಿದ್ದ. ಮೇಲಧಿಕಾರಿ ಡೇಲ್ ಹೊರಟವನ ಬೆನ್ನು ತಟ್ಟಿ, "ಹೋಗಯ್ಯಾ ಹೋಗು, ಅಪ್ಪ ಅಂದ್ರೆ ಹೀಗಿರ್ಬೇಕು" ಎನ್ನುತ್ತಿದ್ದ. ಎಲ್ಡನ್‌ಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ನವೆಂಬರಿನ ಮೊದಲ ಹಿಮ ಬಿದ್ದ ದಿನ ಅವನು ವೃದ್ಧರ ವಸತಿಯೊಂದರಲ್ಲಿ ಲಿಫ್ಟಿನ ತಳದ ಗುಂಡಿಯೊಳಗಿದ್ದ. ಅಲ್ಲಿ ಫೋನು ಹಿಡಿಯುವುದಿಲ್ಲ. ಮೇಲೆ ಬಂದು ನೋಡಿದರೆ ಶಾಲೆಯಿಂದ ಸಾಲುಸಾಲು ಕರೆ. ಓಪಲ್‌ಗೆ ಉಸಿರು ಹಿಡಿದಿದೆ, ಇನ್‌ಹೇಲರ್‌ಗೆ ಬಗ್ಗುತ್ತಿಲ್ಲ, ಬಂದು ಕರೆದುಕೊಂಡು ಹೋಗಿ. ಆವತ್ತು ವರ್ಲೀನ್‌ಗೆ ಹಗಲಲ್ಲೇ ಏನೋ ತರಬೇತಿ, ಅವಳ ಫೋನು ಬಂದ್ ಆಗಿತ್ತು. ಎಲ್ಡನ್ ಡೇಲ್‌ಗೆ ಎರಡು ಮಾತಿನಲ್ಲಿ ಹೇಳಿ, ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಓಡಿದ.

ಶಾಲೆಯ ಕಚೇರಿಯಲ್ಲಿ ಹೊಸ ಹೆಂಗಸೊಬ್ಬಳು ಕೂತಿದ್ದಳು. ತಲೆಯೆತ್ತಿ ನೋಡಿ, "ಸಾಮಾನು ತಂದಿದ್ರೆ ಹಿಂದಿನ ಬಾಗಿಲಿಗೆ ಹೋಗ್ಬೇಕು" ಎಂದಳು.

"ನಾನು ಓಪಲ್ ಪೆಟ್ವೇ ತಂದೆ. ಫೋನ್ ಮಾಡಿದ್ರಿ."

"ಓ." ಅವಳು ಕಂಪ್ಯೂಟರಿನ ಕಡೆ ತಿರುಗಿದಳು. "ನಾವು ತಾಯಿ ಬರ್ತಾರೆ ಅಂದ್ಕೊಂಡಿದ್ವಿ. ಮಗು ನಿಮ್ಮ ಜೊತೆಗೇ ಇರುತ್ತಾ?"

"ನಾವು ಮೂವರೂ ಒಂದೇ ಮನೇಲಿರೋದು."

"ಗುರುತಿನ ಚೀಟಿ ಕೊಡಿ. ಮತ್ತೆ, ಮಗುನ ಕರ್ಕೊಂಡು ಹೋಗೋದಕ್ಕೆ ಕೋರ್ಟಿನ ತಕರಾರು ಗಿಕರಾರು ಏನೂ ಇಲ್ವಲ್ಲ? ತಪ್ಪು ತಿಳ್ಕೋಬೇಡಿ, ಎಲ್ಲರನ್ನೂ ಕೇಳ್ತೀವಿ."

ಅವಳ ಹಿಂದೆ ಗಾಜಿನ ಗೋಡೆ. ಅದರಾಚೆ ಬೆಂಚಿನ ಮೇಲೆ ಓಪಲ್. ಒಂದೊಂದು ಉಸಿರಿಗೂ ಅವಳ ಪುಟ್ಟ ಭುಜಗಳು ಕಿವಿಯವರೆಗೆ ಏಳುತ್ತಿದ್ದವು. ನೆಲ ನೋಡುತ್ತಿದ್ದವಳು ಅಪ್ಪನನ್ನು ಕಂಡು ಮುಖ ಎತ್ತಿದಳು. ಎಲ್ಡನ್ ಚೀಟಿ ಕೊಟ್ಟು ಎರಡೂ ಕೈಗಳನ್ನು ಕಾಣುವಂತೆ ಮೇಜಿನ ಮೇಲೆ ಇಟ್ಟ. ಬೆರಳುಗಳನ್ನು ಅಗಲವಾಗಿ ಬಿಡಿಸಿ ಇಟ್ಟ. ಅಷ್ಟರಲ್ಲಿ ಉಣ್ಣೆ ಟೋಪಿಯ ಬಿಳಿಯನೊಬ್ಬ ಒಳಗೆ ಬಂದು, "ಮಗನ್ನ ಹಲ್ಲಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕಿತ್ತು" ಎಂದ. "ಕ್ಲಾಸಲ್ಲೇ ಇರ್ಬೇಕು, ಹೋಗಿ ಸಾರ್" ಎಂದಳು ಅವಳು, ಚೀಟಿಯಿಂದ ತಲೆ ಎತ್ತದೆ.

ಇಂಥ ಕಡೆ ತನ್ನಂಥವನು ದನಿಯೆತ್ತಿದರೆ ಮುಂದೆ ಏನಾಗುತ್ತದೆ ಎಂಬುದು ಎಲ್ಡನ್‌ಗೆ ಬಾಯಿಪಾಠ. "ಮೇಡಂ, ಅವಳಿಗೆ ಉಸಿರಾಡೋಕೆ ಆಗ್ತಿಲ್ಲ. ದಯವಿಟ್ಟು" ಎಂದ, ಎಂದಿಗಿಂತ ಮೆತ್ತಗೆ.

"ಒಂದೇ ನಿಮಿಷ. ಕಂಪ್ಯೂಟರ್ ತೆರೀತಾ ಇದೆ."

ಕೊನೆಗೆ ಆ ದಾರಿಯಲ್ಲಿ ಬಂದ ಓಪಲ್‌ಳ ಟೀಚರು, "ಅಯ್ಯೋ, ಪೆಟ್ವೇ ಅವರೇ, ಇನ್ನೂ ಇಲ್ಲೇ ನಿಂತಿದ್ದೀರಾ?" ಎಂದು ತಾವೇ ಬಾಗಿಲು ತೆಗೆದರು. ಎಲ್ಡನ್ ಮಗಳನ್ನು ಎತ್ತಿಕೊಂಡು ಹಿಮದಲ್ಲಿ ಓಡಿದ.

ಆಸ್ಪತ್ರೆಯಲ್ಲಿ ಮೂಗಿಗೆ ಆವಿಯ ಔಷಧಿ ಹಿಡಿದರು. ಸಂಜೆಯ ಹೊತ್ತಿಗೆ ಉಬ್ಬಸ ಇಳಿಯಿತು. ಮನೆಗೆ ವಾಪಸ್ಸಾಗುವಾಗ ಓಪಲ್, "ಅಪ್ಪಾ, ನನ್ನ ಕ್ಲಾಸಿನ ಟೈಲರ್ ಗೊತ್ತಲ್ಲ, ಅವನ ಟೋಪಿ ಕಳೆದುಹೋಯ್ತು ಅಂತ ಅವನಮ್ಮ ಬಂದು ಎಷ್ಟು ಕೂಗಾಡಿದ್ರು ಗೊತ್ತಾ?" ಎಂದಳು.

"ಹೌದಾ?"

"ಹೂಂ. ಎಲ್ಲರೂ ಓಡಾಡಿ ಹುಡುಕಿದ್ರು. ಬರೀ ಟೋಪಿ." ಅಪ್ಪನ ಕಡೆ ತಿರುಗಿ ಕೇಳಿದಳು, "ನಿಂಗೆ ಅವಸರ ಇರ್ಲಿಲ್ವಾ?"

ಎಲ್ಡನ್ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ. ಹೇಳಬೇಕಾದ್ದು ಬೆಟ್ಟದಷ್ಟಿತ್ತು, ಅದರಲ್ಲಿ ಎಂಟು ವರ್ಷದವಳಿಗೆ ಹೇಳುವಂಥದ್ದು ಒಂದೂ ಸಿಗಲಿಲ್ಲ. "ಇತ್ತು ಮಗಳೇ, ತುಂಬಾ ಇತ್ತು" ಎಂದಷ್ಟೇ ಹೇಳಿ, ಅವಳ ಮಫ್ಲರ್ ಸರಿಮಾಡಿ, ಮತ್ತೆ ಗಾಡಿ ಹೊರಡಿಸಿದ. ಅವಳು ನಂಬಿದಳೋ ಇಲ್ಲವೋ, ಕಿಟಕಿಯ ಕಡೆ ತಿರುಗಿ ಕೂತಳು.

ಆ ಚಳಿಗಾಲ ಉಬ್ಬಸ ಅವಳನ್ನು ಬಿಡಲಿಲ್ಲ. ಎಲ್ಡನ್ ಇನ್ನೂ ಎರಡು ಸಲ ಕೆಲಸದ ನಡುವೆ ಎದ್ದುಹೋಗಬೇಕಾಯಿತು. ಕ್ರಿಸ್‌ಮಸ್ಸಿಗೆ ಮುಂಚೆ ಡೇಲ್ ಅವನನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದ. ಡೇಲ್ ಕೆಟ್ಟವನೇನಲ್ಲ, ಮಾತಿಗೆ ಮುಂಚೆ ಕುರ್ಚಿ ಎಳೆದುಕೊಟ್ಟ.

"ನೋಡು ಎಲ್ಡನ್, ಮೇಸ್ತ್ರಿ ಕೆಲಸ ಕ್ರೇಗ್‌ಗೆ ಕೊಡ್ತಾ ಇದ್ದೀವಿ. ನಿನ್ನ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಮನೆ ಕಡೆ ನಿಂಗೆ ತಾಪತ್ರಯ ಜಾಸ್ತಿಯಾಗಿದೆ ಅನ್ಸುತ್ತೆ. ನೀನೂ ಹೆಂಡ್ತೀನೂ... ಒಟ್ಟಿಗೇ ಇದ್ದೀರಿ ತಾನೆ?"

"ಒಟ್ಟಿಗೇ ಇದ್ದೀವಿ" ಎಂದ ಎಲ್ಡನ್. ಆ ಮಾತು ಹೇಳುವಾಗ, ಅದು ಎಷ್ಟರಮಟ್ಟಿಗೆ ನಿಜ ಎಂದು ಅವನಿಗೇ ಒಂದು ಗಳಿಗೆ ಅನುಮಾನವಾಯಿತು.

"ಒಳ್ಳೇದು, ಒಳ್ಳೇದು. ಇನ್ನೊಂದು ಮಾತು, ಸ್ನೇಹದಿಂದ ಹೇಳ್ತೀನಿ. ನೀನು ಮಾತೇ ಆಡಲ್ಲ. ಹುಡುಗರಿಗೆ ನಿನ್ನ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗಲ್ಲ. ಸ್ವಲ್ಪ ಹೆದರ್ತಾರೆ."

ಯಾರನ್ನೂ ಹೆದರಿಸಬಾರದೆಂದೇ ಅಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದವನು ಎಲ್ಡನ್. ಈಗ ಆ ಬಾಯಿಗೆ ಮಾತು ಹುಡುಕಿದ. "ಡೇಲ್, ಈ ತಿಂಗಳು ಕ್ರೇಗ್ ಹಾಕಿ ಪಂದ್ಯಕ್ಕೆ ಅಂತ ನನಗಿಂತ ಜಾಸ್ತಿ ಸಲ ಹೋಗಿದ್ದಾನೆ. ನೀವೇ ಬೆನ್ನು ತಟ್ಟಿ ಕಳಿಸಿದ್ರಿ. ನನ್ನ ಮಗಳಿಗೆ ಉಸಿರು ಕಟ್ಟಿದ್ದಕ್ಕೆ ನಾನು ಹೋದ್ರೆ ಅದು ತಾಪತ್ರಯ ಹೇಗಾಯ್ತು?"

ದನಿ ಏರಿರಲಿಲ್ಲ. ಆದರೂ ಡೇಲ್ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, "ಈಗ ಕೋಪ ಮಾಡ್ಕೊಳ್ಳೋ ಅಂಥದ್ದು ಏನಾಯ್ತು?" ಎಂದ.

"ನಂಗೆ ಕೋಪ ಬಂದಿಲ್ಲ. ಕೇಳಿದೆ ಅಷ್ಟೆ."

"ಸರಿ, ಯೋಚನೆ ಮಾಡ್ತೀನಿ" ಎಂದ ಡೇಲ್. ಯೋಚನೆ ಮಾಡಿದನೋ ಏನೋ, ಮಾತು ಅಲ್ಲಿಗೇ ನಿಂತಿತು.

ಹೊರಗೆ ಕ್ರೇಗ್ ಕಾಯುತ್ತಿದ್ದ. ಮುಖ ಸಣ್ಣದಾಗಿತ್ತು. "ದೇವರಾಣೆ ಎಲ್ಡನ್, ನಿಂಗೇ ಸಿಗುತ್ತೆ ಅಂದ್ಕೊಂಡಿದ್ದೆ ಕಣೋ. ನ್ಯಾಯವಾಗಿ ನಿಂಗೇ ಸಿಗ್ಬೇಕಿತ್ತು."

"ಅದನ್ನ ಡೇಲ್ ಹತ್ರ ಹೇಳಿದ್ಯಾ?"

ಕ್ರೇಗ್ ಕೈಯಲ್ಲಿದ್ದ ಕಾಫಿ ಲೋಟದೊಳಗೆ ನೋಡಿದ. ಎಲ್ಡನ್ ಅವನ ಭುಜ ಮುಟ್ಟಿ, "ಒಳ್ಳೇದಾಗ್ಲಿ, ಮೇಸ್ತ್ರಿ" ಎಂದು ಗಾಡಿಯ ಕಡೆ ನಡೆದ. ಅಷ್ಟು ವರ್ಷ ಒಂದೇ ಗುಂಡಿಗೆ ಇಳಿದು, ಒಂದೇ ಡಬ್ಬಿಯಿಂದ ತಿಂದವರು ಅವರು. ಆವತ್ತಿನಿಂದ ಇಬ್ಬರ ನಡುವೆ ಹವಾಮಾನದ ಮಾತು ಬಿಟ್ಟರೆ ಬೇರೆ ಹುಟ್ಟಲಿಲ್ಲ.

ಆ ಭಾನುವಾರ ಅವನು ಸೆಲ್ಮಾಕ್ಕೆ, ತಾಯಿಗೆ ಫೋನು ಮಾಡಿದ. ಎಲ್ಲ ಕೇಳಿಸಿಕೊಂಡು ಅವಳು, "ಊಟ ಮಾಡಿದ್ಯೇನೋ ಮಗಾ?" ಎಂದಳು.

"ಮಾಡಿದೆ. ಅಮ್ಮಾ, ಅಪ್ಪ ಹೇಳಿದ ಹಾಗೇ ಮಾಡಿದ್ನಲ್ಲ ನಾನು. ಒಂದು ದಿನವೂ ತಪ್ಪಿಸ್ಲಿಲ್ಲ."

"ನಿಮ್ಮಪ್ಪ ಸತ್ತಾಗ ಮಿಲ್ಲಿನವರು ಹೂವು ಕಳಿಸಿದ್ರು, ನೆನಪಿದ್ಯಾ? ಅದರ ಮೇಲಿದ್ದ ಚೀಟಿ ನಾನು ಕಿತ್ತು ಕೈಚೀಲಕ್ಕೆ ಹಾಕ್ಕೊಂಡೆ, ನೀವು ಮಕ್ಕಳು ನೋಡ್ಬಾರ್ದು ಅಂತ. ನಿಮ್ಮಪ್ಪನ ಹೆಸರೇ ತಪ್ಪಾಗಿ ಬರೆದಿದ್ರು. ಯಾವನೋ ಪೆಟ್ಟಿಟ್ ಅಂತೆ."

"ಯಾಕಮ್ಮ ಹೇಳ್ಲಿಲ್ಲ?"

"ಹೇಳಿ ಏನಾಗ್ಬೇಕಿತ್ತು? ಮಾರನೇ ಬೆಳಗ್ಗೆ ನೀನೂ ಕೆಲಸಕ್ಕೆ ಹೋಗೋನೇ ಆಗಿದ್ಯಲ್ಲೋ."

ಫೋನಿಟ್ಟ ಮೇಲೆ ಎಲ್ಡನ್ ಅಡುಗೆಮನೆಯಿಂದ ಎದ್ದ. ಒಳಕೋಣೆಯಲ್ಲಿ ಪಾಳಿಗೆ ಹೋಗುವ ಮುಂಚಿನ ನಿದ್ದೆಯಲ್ಲಿ ವರ್ಲೀನ್. ಎಬ್ಬಿಸಿ ಹೇಳೋಣವೆಂದು ಬಾಗಿಲವರೆಗೆ ಹೋದ. ಅವಳ ಕಾಲು ಊದಿಕೊಂಡಿತ್ತು, ದಿಂಬಿನ ಮೇಲೆ ಎತ್ತಿಟ್ಟು ಮಲಗಿದ್ದಳು. ಬಾಗಿಲು ಮುಚ್ಚಿ ವಾಪಸ್ಸು ಬಂದ.

ಮರುದಿನ ಬೆಳಗ್ಗೆ ಪಾರ್ಕಿಂಗಿನಲ್ಲಿ ಮಗು ಕಾರಿಗೆ ದಾಟಿದ ಮೇಲೂ ಅವನ ಟ್ರಕ್ಕು ಕದಲಲಿಲ್ಲ. ವರ್ಲೀನ್ ಗಾಜು ಇಳಿಸಿ, "ಏನು, ಗಾಡಿ ಕೆಟ್ಟಿತಾ?" ಎಂದಳು.

"ಇಲ್ಲ. ಏಳೂವರೆಗೆ ತಾನೆ ಕೆಲಸ. ಕಾಫಿ ತಂದಿದ್ದೀನಿ."

ಅವನು ಅವಳ ಪಕ್ಕ ಬಂದು ಕೂತ. ಓಪಲ್ ಹಿಂದೆ ನಿದ್ದೆಹೋಗಿದ್ದಳು. ಮೇಸ್ತ್ರಿ ಕೆಲಸದ ಕತೆ, ಶಾಲೆಯಲ್ಲಿ ನಡೆದದ್ದು, ಟೋಪಿಯ ಮಾತು, ಎಲ್ಲವನ್ನೂ ಹೇಳಿದ. ವರ್ಲೀನ್ ಗಾಜಿನ ಮೇಲೆ ಕೂತ ಮಂಜನ್ನು ನೋಡುತ್ತ ಕೇಳಿದಳು.

"ನೀನು ಇದನ್ನ ಒಂದು ತಿಂಗಳಿಂದ ಒಬ್ಬನೇ ಹೊತ್ಕೊಂಡು ಓಡಾಡ್ತಾ ಇದ್ಯಾ?"

"ಯಾವಾಗ ಹೇಳ್ಲಿ?"

ಅವಳು ಕಾಫಿ ಗುಟುಕರಿಸಿ ಅಂದಳು, "ನನ್ನ ವಾರ್ಡಲ್ಲಿ ಒಬ್ಬ ಮುದುಕ ಇದ್ದಾನೆ. ದಿನಾ ನನ್ನ ನೋಡಿದ ತಕ್ಷಣ ಊಟದ ತಟ್ಟೆ ತಗೊಂಡು ಹೋಗು, ನರ್ಸನ್ನ ಕಳಿಸು ಅಂತಾನೆ. ನಾನು ತಟ್ಟೆ ಹೊರಗಿಟ್ಟು, ವಾಪಸ್ಸು ಬಂದು, ನರ್ಸು ಬಂದ್ಳು ನೋಡಪ್ಪ ಅಂತ ಸೂಜಿ ಚುಚ್ತೀನಿ."

"ಏನಂತಾನೆ?"

"ಆ ತಟ್ಟೆಯವಳಿಗಿಂತ ನೀನು ಪರವಾಗಿಲ್ಲ ಅಂತಾನೆ."

ಇಬ್ಬರೂ ನಕ್ಕರು. ಮಗು ಏಳುತ್ತದೆಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗು ನಿಂತಾಗ ವರ್ಲೀನ್‌ಳ ಕಣ್ಣು ಒದ್ದೆಯಾಗಿತ್ತು. "ನೀನೂ ಹೇಳಿರ್ಲಿಲ್ಲ" ಎಂದ ಎಲ್ಡನ್. "ಯಾವಾಗ ಹೇಳ್ಲಿ?" ಎಂದಳು ಅವಳು.

ಅಂದಿನಿಂದ ಅವನು ಸರಿಯಾಗಿ ಏಳೂವರೆಗೆ ಡಿಪೋಗೆ ಹೋಗತೊಡಗಿದ. ಮೂರನೆಯ ದಿನವೇ ಡೇಲ್, "ಏನು ಎಲ್ಡನ್, ಈಗೀಗ ತಡ?" ಎಂದ.

"ತಡ ಅಲ್ಲ ಡೇಲ್, ಹೊತ್ತಿಗೆ ಸರಿಯಾಗಿ." ಡೇಲ್ ಗಡಿಯಾರ ನೋಡಿ ಒಳಗೆ ಹೋದ.

ಮಗಳಿಗೆ ಕೊಡಬೇಕಾದ ಉತ್ತರ ಮಾತ್ರ ಹಾಗೇ ಉಳಿದಿತ್ತು. ಮಾರ್ಚಿನಲ್ಲಿ ಒಂದು ಶನಿವಾರ ಅವಳನ್ನು ಸರೋವರದ ದಂಡೆಗೆ ಕರೆದುಕೊಂಡು ಹೋದ. ದಡದ ಮಂಜುಗಡ್ಡೆ ಬಿರುಕುಬಿಟ್ಟು ತೇಲುತ್ತಿತ್ತು. ಓಪಲ್ ಅದರ ಮೇಲೆ ಕಲ್ಲೆಸೆಯುತ್ತಿದ್ದಳು.

"ಆವತ್ತು ಸ್ಕೂಲಲ್ಲಿ ನಾನು ಯಾಕೆ ಕೂಗಾಡ್ಲಿಲ್ಲ ಗೊತ್ತಾ?" ಎಂದ. "ನಾನು ಕೂಗಾಡಿದ್ರೆ ಆ ಹೆಂಗಸು ಹೆದರ್ಕೊಂಡು ಪೊಲೀಸಿಗೆ ಫೋನ್ ಮಾಡ್ತಿದ್ಳು. ಆಮೇಲೆ ನಿನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ನಾನು ಇರ್ತಿರ್ಲಿಲ್ಲ."

"ಟೈಲರ್ ಅಮ್ಮಂಗೆ ಯಾಕೆ ಪೊಲೀಸ್ನ ಕರೀಲಿಲ್ಲ?"

"ಅವರು ಬಿಳಿಯರು ಮಗಳೇ. ಅವರು ಕೂಗಿದ್ರೆ ಪಾಪ, ಬೇಜಾರಾಗಿದೆ ಅಂತಾರೆ. ನಾನು ಕೂಗಿದ್ರೆ ಹೊಡೆಯೋಕೆ ಬಂದ ಅಂತಾರೆ."

ಓಪಲ್ ಕೈಯಲ್ಲಿದ್ದ ಕಲ್ಲನ್ನು ಎಸೆಯದೆ ತಿರುವುತ್ತ ನಿಂತಳು. "ಹಂಗಾದ್ರೆ ನಿಂಗೆ ಒಳಗೊಳಗೇ ಅವಸರ ಇತ್ತಾ?"

"ಒಳಗೊಳಗೇ ಓಡ್ತಾ ಇದ್ದೆ."

"ನಾನು ದೊಡ್ಡವಳಾದ್ಮೇಲೆ ನಾನೂ ಮೆತ್ತಗೇ ಮಾತಾಡ್ಬೇಕಾ?"

ಅವನ ಅಪ್ಪನಾಗಿದ್ದರೆ ಹೌದು ಅಂತ ಹೇಳಿ ಮುಗಿಸುತ್ತಿದ್ದ. ಎಲ್ಡನ್ ಅವಳ ಮಟ್ಟಕ್ಕೆ ಬಗ್ಗಿದ. "ಗೊತ್ತಿಲ್ಲ ಕಂದ. ನಿಜವಾಗ್ಲೂ ಗೊತ್ತಿಲ್ಲ."

"ನೀನು ಜೋರಾಗಿ ಕೂಗಿದ್ರೆ ಹೆಂಗಿರುತ್ತೆ? ಒಂದ್ಸಲ ಕೂಗು ನೋಡೋಣ. ಇಲ್ಲಿ ಯಾರೂ ಇಲ್ವಲ್ಲ."

ಎಲ್ಡನ್ ಸುತ್ತ ನೋಡಿದ. ದೂರದಲ್ಲಿ ಒಬ್ಬ ನಾಯಿಯನ್ನು ಅಡ್ಡಾಡಿಸುತ್ತಿದ್ದ. "ಆ ಮನುಷ್ಯ ಹೋಗ್ಲಿ, ಆಮೇಲೆ" ಎಂದ. ಅಪ್ಪ ಮಗಳು ಒಂದು ಬಂಡೆಯ ಮೇಲೆ ಕೂತು ಕಾದರು. ನಾಯಿ ಒಂದು ಕಡ್ಡಿಯ ಹಿಂದೆ ಓಡುತ್ತಿತ್ತು, ಆ ಮನುಷ್ಯ ಮತ್ತೆ ಎಸೆಯುತ್ತಿದ್ದ. ಅವನು ಹೋಗಲೇ ಇಲ್ಲ. ಗಾಳಿ ಏರಿತು, ಓಪಲ್‌ಗೆ ಕೆಮ್ಮು ಶುರುವಾಯಿತು. ಎದ್ದು ಮನೆಗೆ ಬಂದರು.

ಬೇಸಿಗೆಯ ಹೊತ್ತಿಗೆ ವರ್ಲೀನ್‌ಗೆ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಹಗಲು ಕೆಲಸ ಸಿಕ್ಕಿತು. ಸಂಬಳ ಕಡಿಮೆಯಾದರೂ ಒಪ್ಪಿಕೊಂಡಳು. ಎಲ್ಡನ್ ಅದೇ ಡಿಪೋದಲ್ಲಿ, ಅದೇ ಲಿಫ್ಟುಗಳ ಕೆಲಸದಲ್ಲಿ ಮುಂದುವರಿದ. ಬೇರೆ ಕಡೆ ಅರ್ಜಿ ಹಾಕು ಎಂದು ವರ್ಲೀನ್ ಹೇಳಿದಳು. ಹಾಕುತ್ತೇನೆ ಅಂದ. ಹಾಕಲಿಲ್ಲ.

ಹೊಸ ಕೆಲಸದ ಮೊದಲ ಸಂಜೆ ಎಷ್ಟೋ ವರ್ಷಗಳ ಮೇಲೆ ಮೂವರೂ ಒಟ್ಟಿಗೆ ಊಟಕ್ಕೆ ಕೂತರು. ಅಷ್ಟು ವರ್ಷವೂ ಅಡುಗೆ ನೋಡಿಕೊಂಡಿದ್ದ ಎಲ್ಡನ್ ಮೀನು ಹುರಿದಿದ್ದ, ಸೊಪ್ಪು ಬೇಯಿಸಿದ್ದ, ಮೆಕ್ಕೆಜೋಳದ ಬ್ರೆಡ್ಡು ಮಾಡಿದ್ದ. "ಚೆನ್ನಾಗಿದೆ" ಎಂದಳು ವರ್ಲೀನ್. "ಹೂಂ" ಎಂದ ಅವನು. ಓಪಲ್ ಒಮ್ಮೆ ಅಮ್ಮನನ್ನು, ಒಮ್ಮೆ ಅಪ್ಪನನ್ನು ನೋಡುತ್ತ ತಿಂದಳು. ಔಷಧಿ ಹಾಕಿದ್ಯಾ, ಡಬ್ಬಿ ಎಲ್ಲಿದೆ ಎಂಬ ಮಾತು ಬಿಟ್ಟರೆ ಆ ಮನೆಗೆ ಬೇರೆ ಮಾತಿನ ಅಭ್ಯಾಸ ತಪ್ಪಿಹೋಗಿತ್ತು. ಮೂವರೂ ಮಾತು ಹುಡುಕುತ್ತ ಕೂತಿದ್ದರು.

ಊಟವಾದ ಮೇಲೆ ಉಳಿದ ಸೊಪ್ಪನ್ನು ಎತ್ತಿಡಲೆಂದು ವರ್ಲೀನ್ ಎದ್ದಳು. ಒಂದು ಡ್ರಾಯರು ಎಳೆದಳು, ಮುಚ್ಚಿದಳು. ಇನ್ನೊಂದು ಎಳೆದಳು. ಎಲ್ಡನ್ ತಟ್ಟೆ ತೊಳೆಯುತ್ತ ಬೆನ್ನ ಹಿಂದಿನ ಆ ಸದ್ದನ್ನು ಕೇಳುತ್ತಿದ್ದ. ಕೊನೆಗೆ ಅವಳು ತನ್ನದೇ ಅಡುಗೆಮನೆಯ ನಡುವೆ ನಿಂತು, ನೆಂಟರ ಮನೆಯಲ್ಲಿ ಕೇಳುವ ಹಾಗೆ ಸಂಕೋಚದಿಂದ ಕೇಳಿದಳು:

"ಸೌಟು ಎಲ್ಲಿಟ್ಟಿದ್ದೀಯ, ಎಲ್ಡನ್?"